1 = 2 ಅಂತ ಸಾಬೀತಾಗಿದೆಯೇ? ಅನಂತದ ಲೆಕ್ಕ ಕಟ್ಟಿದ ಜರ್ಮನ್ ಗಣಿತಜ್ಞ ಕುಂಟ್ಸ್ ಕಥೆ

ಈ ಲೆಕ್ಕ ನಿಮ್ಮ ಫೋನಿಗೂ ಬಂದಿರಬಹುದು. "1 = 2 ಎಂದು ಸಾಬೀತಾಗಿದೆ, ತಪ್ಪು ಎಲ್ಲಿದೆ ಹೇಳಿ ನೋಡೋಣ" ಅನ್ನುವ ಸವಾಲು ಅದರ ಕೆಳಗಿರುತ್ತದೆ. ಲೆಕ್ಕ ಹೀಗೆ ಸಾಗುತ್ತದೆ:

ಕ = ಖ ಎಂದಿರಲಿ.
ಎರಡೂ ಕಡೆ ಕ ಇಂದ ಗುಣಿಸಿ: ಕ² = ಕಖ
ಎರಡೂ ಕಡೆ ಖ² ಕಳೆಯಿರಿ: ಕ² − ಖ² = ಕಖ − ಖ²
ಅಪವರ್ತಿಸಿ: (ಕ + ಖ)(ಕ − ಖ) = ಖ(ಕ − ಖ)
ಎರಡೂ ಕಡೆ (ಕ − ಖ) ಇಂದ ಭಾಗಿಸಿ: ಕ + ಖ = ಖ
ಕ ಮತ್ತು ಖ ಒಂದೇ ಆದ್ದರಿಂದ 2ಖ = ಖ
ಅಂದರೆ 2 = 1!

ಮೋಸ ಇರುವುದು ಐದನೇ ಸಾಲಿನಲ್ಲಿ. ಮೊದಲ ಸಾಲಿನಲ್ಲೇ ಕ = ಖ ಎಂದು ಒಪ್ಪಿಕೊಂಡಿದ್ದೇವೆ. ಹಾಗಾದರೆ (ಕ − ಖ) ಅಂದರೆ ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲ. ಅಕ್ಷರಗಳ ಹಿಂದೆ ಸೊನ್ನೆಯನ್ನು ಅಡಗಿಸಿಟ್ಟಿದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ 1 = 2 ಎನ್ನುವ ಮಾತು ಯಾವ ಮೋಸವೂ ಇಲ್ಲದೆ, ಪೂರ್ತಿ ಪ್ರಾಮಾಣಿಕವಾಗಿ ನಿಜವಾಗುವ ಜಾಗವೂ ಗಣಿತದಲ್ಲಿದೆ. ಅದನ್ನು ಸರಿಯಾಗಿ ಅಧ್ಯಯನ ಮಾಡಿದವರು ಜರ್ಮನಿಯ ಗಣಿತಜ್ಞ ಯೋವಾಖಿಮ್ ಕುಂಟ್ಸ್. ಈ ಕಥೆ ತಿಳಿದರೆ ಒಂದು ಲಾಭವಿದೆ. "ಸಾವಿರ ಹಾಕಿ, ಎರಡು ಸಾವಿರ ಪಡೆಯಿರಿ" ಎನ್ನುವ ಫಾರ್ವರ್ಡ್‌ಗಳು ಎಲ್ಲಿ ಸುಳ್ಳು ಹೇಳುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ಒಂದೊಂದಾಗಿ ನೋಡೋಣ.

"ಸಮ" ಅಂದರೆ ಏನು?

ಯಾವುದಾದರೂ ತಿಂಗಳ ಕ್ಯಾಲೆಂಡರ್ ನೋಡಿ. 1ನೇ ತಾರೀಖು ಸೋಮವಾರವಾದರೆ 8ನೇ ತಾರೀಖೂ ಸೋಮವಾರವೇ. 15 ಮತ್ತು 22 ಕೂಡ. ವಾರದ ದೃಷ್ಟಿಯಿಂದ ನೋಡಿದರೆ 1 ಮತ್ತು 8 ಒಂದೇ. ಸಂತೆ ಸೋಮವಾರ ಎಂದಾದರೆ ತಾರೀಖು ಯಾವುದಾದರೂ ಸಂತೆ ಸಂತೆಯೇ. ಆದರೆ ಸಂಬಳ 1ನೇ ತಾರೀಖಿಗೆ ಬರುವುದಾದರೆ 8ಕ್ಕೆ ಬರುವುದಿಲ್ಲ. ಅಲ್ಲಿ 1 ಮತ್ತು 8 ಬೇರೆ ಬೇರೆ.

ಅಂದರೆ "ಸಮ" ಎಂದು ಹೇಳುವಾಗ ಯಾವ ವಿಷಯದಲ್ಲಿ ಸಮ ಎಂದೂ ಹೇಳಬೇಕು. ಹೇಳಿದರೆ 1 = 8 ತಪ್ಪಲ್ಲ, ಹೇಳದೆ ಮುಚ್ಚಿಟ್ಟರೆ ಅದು ಮೋಸ. ಈ ಕ್ಯಾಲೆಂಡರ್ ಉದಾಹರಣೆ ನೆನಪಿರಲಿ, ಇದೇ ಲೆಕ್ಕ ಕುಂಟ್ಸ್ ಅವರ ಕೆಲಸದಲ್ಲಿ ಮತ್ತೆ ಬರುತ್ತದೆ.

ಯಾರು ಈ ಕುಂಟ್ಸ್?

ಯೋವಾಖಿಮ್ ಕುಂಟ್ಸ್ ಹುಟ್ಟಿದ್ದು 1948ರಲ್ಲಿ, ಜರ್ಮನಿಯ ಮಾನ್‌ಹೈಮ್ ನಗರದಲ್ಲಿ. 1975ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಹೈಡೆಲ್‌ಬರ್ಗ್‌ನಲ್ಲಿ, ಆಮೇಲೆ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಬೀಲೆಫೆಲ್ಡ್ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. "ಬೀಲೆಫೆಲ್ಡ್ ಎನ್ನುವ ಊರೇ ಇಲ್ಲ" ಎಂಬ ತಮಾಷೆ 1994ರಿಂದ ಜರ್ಮನಿಯ ಇಂಟರ್‌ನೆಟ್‌ನಲ್ಲಿ ಓಡಾಡುತ್ತಿದೆ. 2019ರಲ್ಲಿ ಆ ನಗರದವರೇ ಒಂದು ಸ್ಪರ್ಧೆ ಇಟ್ಟರು: ಊರು ಇಲ್ಲ ಎಂದು ಸಾಬೀತು ಮಾಡಿದವರಿಗೆ 10 ಲಕ್ಷ ಯೂರೋ ಬಹುಮಾನ! ಹಣ ಯಾರಿಗೂ ಸಿಗಲಿಲ್ಲ. ತಮಾಷೆ ಎಷ್ಟು ಸಲ ಫಾರ್ವರ್ಡ್ ಆದರೂ ಅದು ಪುರಾವೆ ಆಗುವುದಿಲ್ಲ.

ಕುಂಟ್ಸ್ ಕೆಲಸ ಮಾಡಿದ ವಿಭಾಗದ ಹೆಸರು "ಆಪರೇಟರ್ ಆಲ್ಜೀಬ್ರಾ". ಹೆಸರು ಕೇಳಿ ಹೆದರಬೇಡಿ. ಇದರ ಮೂಲ ವಿಚಾರವನ್ನು ನಿಮ್ಮ ಫೋನಿನಲ್ಲೇ ಪರೀಕ್ಷಿಸಬಹುದು.

ಫೋಟೋ ತಿರುಗಿಸಿ ನೋಡಿ

ಗ್ಯಾಲರಿಯಲ್ಲಿ ಒಂದು ಫೋಟೋ ತೆರೆಯಿರಿ. ಎಡಿಟ್‌ಗೆ ಹೋಗಿ ಮೊದಲು ಅದನ್ನು ಬಲಕ್ಕೆ ಒಂದು ಸಲ (90 ಡಿಗ್ರಿ) ತಿರುಗಿಸಿ. ನಂತರ ಎಡ ಬಲ ಅದಲುಬದಲಾಗುವಂತೆ ಕನ್ನಡಿ ಬಿಂಬ ಮಾಡಿ. ಸೇವ್ ಮಾಡಿಕೊಳ್ಳಿ. ಈಗ ಅದೇ ಮೂಲ ಫೋಟೋವನ್ನು ಮೊದಲು ಕನ್ನಡಿ ಬಿಂಬ ಮಾಡಿ, ಆಮೇಲೆ ಬಲಕ್ಕೆ ತಿರುಗಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಇನ್ನೊಂದರ ತಲೆಕೆಳಗು!

ಮಾಡಿದ ಕೆಲಸಗಳು ಅವೇ ಎರಡು, ಬದಲಾದದ್ದು ಕ್ರಮ ಮಾತ್ರ. ಸಂಖ್ಯೆಗಳಲ್ಲಿ 3 × 5 ಮತ್ತು 5 × 3 ಒಂದೇ. ಆದರೆ "ಕೆಲಸ"ಗಳಲ್ಲಿ ಹಾಗಲ್ಲ. ಅಕ್ಕಿ ತೊಳೆದು ಬೇಯಿಸುವುದಕ್ಕೂ ಬೇಯಿಸಿ ತೊಳೆಯುವುದಕ್ಕೂ ವ್ಯತ್ಯಾಸವಿದೆಯಲ್ಲ, ಹಾಗೆ.

ಇಂಥ ಕೆಲಸಗಳಿಗೆ ಗಣಿತದಲ್ಲಿ ಆಪರೇಟರ್ ಎನ್ನುತ್ತಾರೆ. ಒಂದಾದ ಮೇಲೆ ಒಂದು ಮಾಡುವುದೇ ಇಲ್ಲಿ ಗುಣಾಕಾರ. ಹೀಗೆ ಕೂಡಿಸಬಹುದಾದ, ಗುಣಿಸಬಹುದಾದ ಕೆಲಸಗಳ ಒಂದು ದೊಡ್ಡ ಕುಟುಂಬವೇ ಆಪರೇಟರ್ ಆಲ್ಜೀಬ್ರಾ.

ಇದು ಬರೀ ಆಟವಾಗಿ ಹುಟ್ಟಿದ್ದಲ್ಲ. 1925ರಲ್ಲಿ ಜರ್ಮನಿಯ ಗೋಟಿಂಗನ್‌ನಲ್ಲಿದ್ದ ವೆರ್ನರ್ ಹೈಸೆನ್‌ಬರ್ಗ್ ಮತ್ತು ಮ್ಯಾಕ್ಸ್ ಬಾರ್ನ್ ಪರಮಾಣುವಿನ ಲೆಕ್ಕ ಹಾಕುವಾಗ ಕ್ರಮ ಬದಲಾದರೆ ಉತ್ತರ ಬದಲಾಗುವ ಗುಣಾಕಾರ ಎದುರಾಯಿತು. ಗೋಟಿಂಗನ್‌ನಲ್ಲಿರುವ ಬಾರ್ನ್ ಅವರ ಸಮಾಧಿಯ ಮೇಲೆ ಆ ಸೂತ್ರವನ್ನೇ ಕೆತ್ತಲಾಗಿದೆ. ಅದರ ಮರುವರ್ಷ ಗೋಟಿಂಗನ್‌ಗೆ ಬಂದ ಹಂಗೇರಿಯ ಯುವಕ ಜಾನ್ ವಾನ್ ನಾಯ್ಮನ್ ಈ ವಿಚಿತ್ರ ಗುಣಾಕಾರಕ್ಕೆ ಗಟ್ಟಿ ಗಣಿತದ ಅಡಿಪಾಯ ಹಾಕತೊಡಗಿದರು. 1936ರಿಂದ ಅವರು ಫ್ರಾನ್ಸಿಸ್ ಮರ್ರೆ ಜೊತೆ ಸೇರಿ ಬರೆದ ಲೇಖನಗಳಿಂದ ಆಪರೇಟರ್ ಆಲ್ಜೀಬ್ರಾ ಒಂದು ಸ್ವತಂತ್ರ ವಿಷಯವಾಗಿ ಬೆಳೆಯಿತು. ಇಂದು ಇದು ಜರ್ಮನಿಯಲ್ಲಿ ಮಾತ್ರವಲ್ಲ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರದಲ್ಲೂ ಸಂಶೋಧನೆಯ ವಿಷಯ.

ಎರಡು ಹೋಟೆಲ್, ಒಂದೇ ಹೋಟೆಲ್

ಗೋಟಿಂಗನ್‌ನ ಇನ್ನೊಬ್ಬ ದೊಡ್ಡ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಅನಂತವನ್ನು ವಿವರಿಸಲು ಒಂದು ಹೋಟೆಲ್ ಕಲ್ಪಿಸಿಕೊಂಡರು. ಅದರಲ್ಲಿ ಕೋಣೆಗಳಿಗೆ ಕೊನೆಯೇ ಇಲ್ಲ: 1, 2, 3, 4... ಹೀಗೆ ಹೋಗುತ್ತಲೇ ಇರುತ್ತವೆ.

ಈಗ ಇಂಥ ಎರಡು ಹೋಟೆಲ್‌ಗಳಿವೆ ಎಂದುಕೊಳ್ಳಿ. ಎರಡೂ ಭರ್ತಿ, ಒಂದು ಕೋಣೆಯೂ ಖಾಲಿ ಇಲ್ಲ. ಒಂದರಲ್ಲಿ ರಿಪೇರಿ ಶುರುವಾಗಿ ಅಲ್ಲಿನ ಅತಿಥಿಗಳನ್ನೆಲ್ಲ ಇನ್ನೊಂದಕ್ಕೆ ಸೇರಿಸಬೇಕಾಯಿತು. ಸಾಧ್ಯವೇ?

ಸಾಧ್ಯ. ಮೊದಲ ಹೋಟೆಲ್‌ನವರನ್ನು ಬೆಸ ಸಂಖ್ಯೆಯ ಕೋಣೆಗಳಿಗೆ ಕಳಿಸಿ: 1ನೇ ಅತಿಥಿ ಕೋಣೆ 1ಕ್ಕೆ, 2ನೇ ಅತಿಥಿ ಕೋಣೆ 3ಕ್ಕೆ, 3ನೇ ಅತಿಥಿ ಕೋಣೆ 5ಕ್ಕೆ. ಎರಡನೇ ಹೋಟೆಲ್‌ನವರನ್ನು ಸಮ ಸಂಖ್ಯೆಯ ಕೋಣೆಗಳಿಗೆ ಕಳಿಸಿ: 1ನೇ ಅತಿಥಿ ಕೋಣೆ 2ಕ್ಕೆ, 2ನೇ ಅತಿಥಿ ಕೋಣೆ 4ಕ್ಕೆ, 3ನೇ ಅತಿಥಿ ಕೋಣೆ 6ಕ್ಕೆ. ಎಲ್ಲರಿಗೂ ಕೋಣೆ ಸಿಕ್ಕಿತು. ಯಾರೂ ಹೊರಗೆ ಉಳಿಯಲಿಲ್ಲ, ಯಾವ ಕೋಣೆಯೂ ಖಾಲಿ ಬೀಳಲಿಲ್ಲ. ಕೋಣೆ ಹಂಚುವ ವಿಷಯದಲ್ಲಿ ಎರಡು ಹೋಟೆಲ್ ಅಂದರೂ ಒಂದೇ, ಒಂದು ಹೋಟೆಲ್ ಅಂದರೂ ಒಂದೇ. ಇಲ್ಲಿ 1 = 2, ಮತ್ತು ಇಲ್ಲಿ ಯಾರೂ ಸೊನ್ನೆಯಿಂದ ಭಾಗಿಸಿಲ್ಲ. ಷರತ್ತು ಒಂದೇ: ಕೋಣೆಗಳಿಗೆ ಕೊನೆ ಇರಬಾರದು. ಹತ್ತು ಕೋಣೆಯ ಲಾಡ್ಜ್‌ನಲ್ಲಿ ಇದು ನಡೆಯದು.

1977ರಲ್ಲಿ ಕುಂಟ್ಸ್ ಏನು ಮಾಡಿದರು?

ಹಿಲ್ಬರ್ಟ್ ನೋಡಿದ್ದು ಹೋಟೆಲ್. ಕುಂಟ್ಸ್ ಗಮನ ಹರಿಸಿದ್ದು ಅತಿಥಿಗಳನ್ನು ಕಳಿಸುವ ಕೆಲಸಗಳಂಥ ಆಪರೇಟರ್‌ಗಳ ಮೇಲೆ. "ಬೆಸ ಕೋಣೆಗೆ ಕಳಿಸು" ಒಂದು ಕೆಲಸ, "ಸಮ ಕೋಣೆಗೆ ಕಳಿಸು" ಇನ್ನೊಂದು. ಇವುಗಳ ಜೊತೆಗೆ ಇವುಗಳನ್ನು ಹಿಂದಕ್ಕೆ ತಿರುಗಿಸುವ ಎರಡು "ವಾಪಸ್ ಕಳಿಸು" ಕೆಲಸಗಳು. ನಿಯಮಗಳು ಎರಡೇ:

• ಕಳಿಸಿ ವಾಪಸ್ ಕರೆಸಿದರೆ ಎಲ್ಲರೂ ಮೊದಲಿದ್ದ ಜಾಗದಲ್ಲೇ ಇರಬೇಕು. ಏನೂ ಕಳೆದುಹೋಗಿರಬಾರದು.
• ಬೆಸ ಭಾಗ ಮತ್ತು ಸಮ ಭಾಗ ಎರಡನ್ನೂ ಸೇರಿಸಿದರೆ ಇಡೀ ಹೋಟೆಲ್ ಬರಬೇಕು.

ಈ ನಿಯಮಗಳಿಂದ ಹುಟ್ಟುವ ಆಲ್ಜೀಬ್ರಾಕ್ಕೆ ಇಂದು "ಕುಂಟ್ಸ್ ಆಲ್ಜೀಬ್ರಾ ಓ-2" ಎಂದು ಹೆಸರು. ಎರಡರ ಬದಲು ಮೂರು ಭಾಗ ಮಾಡಿದರೆ ಓ-3, ಎಂಟು ಭಾಗ ಮಾಡಿದರೆ ಓ-8. 1977ರಲ್ಲಿ, ಇನ್ನೂ ಮೂವತ್ತು ತುಂಬದ ಕುಂಟ್ಸ್, ಇವುಗಳ ಬಗ್ಗೆ ಬರೆದ ಲೇಖನ ಗಣಿತ ಮತ್ತು ಭೌತಶಾಸ್ತ್ರ ಸೇರುವ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಮುಖ್ಯವಾದ ಸಂಗತಿಗಳು ಹೀಗಿವೆ.

ಮೊದಲನೆಯದು: ಹೋಟೆಲ್ ಬದಲು ಬೇರೆ ಯಾವುದೇ ಜಾಗದಲ್ಲಿ, ಬೇರೆ ಯಾವುದೇ ರೀತಿಯಲ್ಲಿ ಈ ಎರಡು ನಿಯಮ ಪಾಲಿಸುವ ಕೆಲಸಗಳನ್ನು ಆರಿಸಿಕೊಂಡರೂ ಸಿಗುವ ಆಲ್ಜೀಬ್ರಾ ಒಂದೇ. ಎರಡು ಸಾಲಿನ ನಿಯಮ ಇಡೀ ಜಗತ್ತನ್ನೇ ನಿರ್ಧರಿಸಿಬಿಡುತ್ತದೆ.

ಎರಡನೆಯದು: ಇದನ್ನು ಒಡೆದು ಚಿಕ್ಕದು ಮಾಡಲಾಗದು. ಇದರೊಳಗಿನ ಸೊನ್ನೆಯಲ್ಲದ ಯಾವುದೇ ಅಂಶವನ್ನು ತೆಗೆದುಕೊಂಡು, ಎಡಕ್ಕೊಂದು ಬಲಕ್ಕೊಂದು ಸರಿಯಾದ ಅಂಶ ಇಟ್ಟು ಗುಣಿಸಿದರೆ 1 ಸಿಗುತ್ತದೆ. ಅಂದರೆ ಎಷ್ಟೇ ಸಣ್ಣ ತುಂಡಿನಿಂದಲೂ ಪೂರ್ತಿಯನ್ನು ಮರಳಿ ಪಡೆಯಬಹುದು. ಸಂಖ್ಯೆಗಳ ಹೊರಗೆ, ಕ್ರಮ ಮುಖ್ಯವಾಗುವ ಜಗತ್ತಿನಲ್ಲಿ ಇಂಥ ಗುಣ ಇರುವುದು ಸಾಮಾನ್ಯ ಸಂಗತಿಯಲ್ಲ.

ಇಂಥ ವಿಚಾರ ಇನ್ನೊಬ್ಬರಿಗೂ ಹೊಳೆದಿತ್ತು ಎನ್ನುವುದನ್ನೂ ಹೇಳಬೇಕು. ಅಮೆರಿಕದ ವಿಲಿಯಂ ಲೆವಿಟ್ 1962ರಲ್ಲೇ ಶುದ್ಧ ಬೀಜಗಣಿತದ ದಾರಿಯಲ್ಲಿ "ಒಂದು ಅಂದರೆ ಎರಡು" ಎನ್ನುವ ರಚನೆಗಳನ್ನು ಕಟ್ಟಿದ್ದರು. ಬೇರೆ ದಾರಿಯಿಂದ ಬಂದ ಈ ಎರಡು ಕೆಲಸಗಳ ನಂಟನ್ನು ಗಣಿತಜ್ಞರು ಈಗ ಒಟ್ಟಿಗೇ ಅಧ್ಯಯನ ಮಾಡುತ್ತಾರೆ.

ಮತ್ತೆ ಕ್ಯಾಲೆಂಡರ್‌ಗೆ

ಓ-2, ಓ-3, ಓ-8 ಎಲ್ಲವೂ ಅನಂತವೇ. ಹಾಗಾದರೆ ಇವು ನಿಜವಾಗಿ ಬೇರೆ ಬೇರೆಯೇ, ಅಥವಾ ಒಂದೇ ವಸ್ತುವಿನ ಬೇರೆ ಹೆಸರುಗಳೇ?

ಇದಕ್ಕೆ "ಕೆ-ಸಿದ್ಧಾಂತ" ಎಂಬ ಎಣಿಕೆಯ ವಿಧಾನ ನೆರವಾಗುತ್ತದೆ. 1981ರ ಲೇಖನವೊಂದರಲ್ಲಿ ಕುಂಟ್ಸ್ ತಮ್ಮ ಆಲ್ಜೀಬ್ರಾಗಳಿಗೆ ಈ ಎಣಿಕೆ ಮಾಡಿ ತೋರಿಸಿದರು. ವಿಚಾರ ಸರಳ. ಓ-8ರಲ್ಲಿ ಒಂದು ಪೂರ್ಣ ಅಂದರೆ ಎಂಟು ಪೂರ್ಣ, ಅಂದರೆ 1 = 8. ಎರಡೂ ಕಡೆ 1 ಕಳೆದರೆ 0 = 7. ಏಳಾದ ಮೇಲೆ ಮತ್ತೆ ಮೊದಲಿನಿಂದ! ಇದು ವಾರದ ಲೆಕ್ಕವೇ ಅಲ್ಲವೇ? ಓ-8ರ ಎಣಿಕೆ ಏಳು ದಿನದ ವಾರದಂತೆ ಸುತ್ತುತ್ತದೆ.

ಓ-3ರಲ್ಲಿ 1 = 3, ಆದ್ದರಿಂದ 0 = 2. ಎರಡು ಸಲ ಒತ್ತಿದರೆ ಮೊದಲಿನ ಸ್ಥಿತಿಗೆ ಬರುವ ಲೈಟ್ ಸ್ವಿಚ್‌ನಂತೆ. ಓ-2ರಲ್ಲಿ 1 = 2, ಆದ್ದರಿಂದ 0 = 1. ಅಂದರೆ ಒಂದೇ ದಿನ ಇರುವ ವಾರ, ದಿನವೂ ಭಾನುವಾರ! ಸುತ್ತಿನ ಉದ್ದ ಬೇರೆ ಬೇರೆ ಇರುವುದರಿಂದ ಈ ಆಲ್ಜೀಬ್ರಾಗಳೂ ಬೇರೆ ಬೇರೆ.

ಇಲ್ಲಿ ಗಮನಿಸಿ. ಫಾರ್ವರ್ಡ್ ಲೆಕ್ಕ 1 = 2 ಎಂದು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ನಿಲ್ಲುತ್ತದೆ. ಕುಂಟ್ಸ್ ಮಾತ್ರ ಅಲ್ಲಿಂದ ಮುಂದಕ್ಕೆ ಹೋಗಿ, "ಹೀಗೆ ಒಪ್ಪಿಕೊಂಡರೆ ನಾವು ಏನನ್ನು ಕಳೆದುಕೊಳ್ಳುತ್ತೇವೆ" ಎಂದೂ ಲೆಕ್ಕ ಹಾಕಿದರು. ಓ-2ರಲ್ಲಿ ಕಳೆದುಕೊಂಡದ್ದು ಎಣಿಕೆಯನ್ನೇ. ಅಲ್ಲಿ "ಎಷ್ಟು" ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

"ಗಣಿತಜ್ಞರ ಕೆಲಸ ಮೂವತ್ತಕ್ಕೆ ಮುಗಿಯಿತು" ನಿಜವೇ?

ಇದೂ ಆಗಾಗ ಕೇಳಿಬರುವ ನಂಬಿಕೆ. ಕುಂಟ್ಸ್ ಅವರ ಹೆಸರಿನ ಆಲ್ಜೀಬ್ರಾ ಮೂವತ್ತರೊಳಗೇ ಬಂದದ್ದು ನಿಜ. ಆಮೇಲೆ ಏನಾಯಿತು ನೋಡಿ.

1978: ಆಲ್ಜೀಬ್ರಾಗಳೊಳಗಿನ ಅಂಶಗಳ "ಗಾತ್ರ" ಹೋಲಿಸಲು ಒಂದು ಹೊಸ ವಿಧಾನ ಕೊಟ್ಟರು. ಇದಕ್ಕೆ ಈಗ ಕುಂಟ್ಸ್ ಸೆಮಿಗ್ರೂಪ್ ಎನ್ನುತ್ತಾರೆ.

1980: ಹೈಡೆಲ್‌ಬರ್ಗ್‌ನ ವೋಲ್ಫ್‌ಗಾಂಗ್ ಕ್ರೀಗರ್ ಜೊತೆ ಇನ್ನೊಂದು ಕುಟುಂಬದ ಆಲ್ಜೀಬ್ರಾಗಳನ್ನು ಕಟ್ಟಿದರು. ಇಲ್ಲಿ "ಯಾವುದರ ನಂತರ ಯಾವುದು ಬರಬಹುದು" ಎಂಬ ನಿಯಮವೇ ಆಧಾರ. ಕನ್ನಡದಲ್ಲಿ ಅನುಸ್ವಾರದಿಂದ ಪದ ಶುರುವಾಗುವುದಿಲ್ಲ, ಅನುಸ್ವಾರದ ಹಿಂದೆಯೇ ಇನ್ನೊಂದು ಅನುಸ್ವಾರ ಬರುವುದಿಲ್ಲ. ಇಂಥ ನಿಯಮಗಳ ಒಂದು ಪಟ್ಟಿ ಕೊಟ್ಟರೆ ಅದರಿಂದ ಒಂದು ಆಲ್ಜೀಬ್ರಾ ಕಟ್ಟಬಹುದು ಎಂದು ಅವರು ತೋರಿಸಿದರು.

1990: ಜಪಾನಿನ ಕ್ಯೋಟೋದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತಜ್ಞರ ಮಹಾಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸ. ಆ ದಶಕದಲ್ಲಿ ಫೀಲ್ಡ್ಸ್ ಪದಕ ವಿಜೇತ ಡೇನಿಯಲ್ ಕ್ವಿಲನ್ ಜೊತೆ ಸೇರಿ, ಇದಕ್ಕೆ ಹತ್ತಿರದ ಆದರೆ ಬೇರೆಯದೇ ಆದ ಕ್ಷೇತ್ರದಲ್ಲಿ ಮಹತ್ವದ ಪ್ರಮೇಯ ಸಾಧಿಸಿದರು.

1999: ಜರ್ಮನಿಯ ಅತಿ ದೊಡ್ಡ ಸಂಶೋಧನಾ ಗೌರವಗಳಲ್ಲೊಂದಾದ ಲೈಬ್ನಿಟ್ಸ್ ಪ್ರಶಸ್ತಿ.

2008: ಅರವತ್ತರ ಹೊಸ್ತಿಲಲ್ಲಿ ಒಂದನೇ ಕ್ಲಾಸಿನ ಗಣಿತಕ್ಕೆ ಮರಳಿದರು. "ಒಂದು ಕೂಡಿಸು" ಮತ್ತು "ಇಷ್ಟರಿಂದ ಗುಣಿಸು" ಎನ್ನುವ ಕೆಲಸಗಳಿಂದ ಒಂದು ಆಲ್ಜೀಬ್ರಾ ಕಟ್ಟಿದರು. ಸಂಖ್ಯೆಗಳನ್ನೆಲ್ಲ 2ರಿಂದ ಗುಣಿಸಿದರೆ ಸಮ ಸಂಖ್ಯೆಗಳು, ಅದಕ್ಕೆ 1 ಕೂಡಿಸಿದರೆ ಬೆಸ ಸಂಖ್ಯೆಗಳು, ಎರಡೂ ಸೇರಿದರೆ ಪೂರ್ಣ. ಹಳೆಯ ಹೋಟೆಲ್ ಇಲ್ಲಿ ಕೂಡು, ಗುಣಿಸು ಲೆಕ್ಕದ ವೇಷದಲ್ಲಿ ಮತ್ತೆ ಬಂದಿದೆ.

ಅದೇ 2008ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಂಡ್ರ್ಯೂ ಟಾಮ್ಸ್ ಎಂಬ ಗಣಿತಜ್ಞ, ಕೆ-ಸಿದ್ಧಾಂತದ ಕಣ್ಣಿಗೆ ಒಂದೇ ಥರ ಕಾಣುವ ಎರಡು ಆಲ್ಜೀಬ್ರಾಗಳು ನಿಜವಾಗಿ ಬೇರೆ ಎಂದು ತೋರಿಸಿದರು. ಎತ್ತರ, ತೂಕ ಎಲ್ಲ ಒಂದೇ ಇದ್ದರೂ ರಕ್ತದ ಗುಂಪು ಬೇರೆ ಎಂದು ಕಂಡುಹಿಡಿದ ಹಾಗೆ. ಅದಕ್ಕೆ ಅವರು ಬಳಸಿದ್ದು ಕುಂಟ್ಸ್ 1978ರಲ್ಲಿ ಕೊಟ್ಟ ವಿಧಾನವನ್ನು. ಮೂವತ್ತು ವರ್ಷದ ಹಿಂದಿನ ಉಪಕರಣ ಹೊಸ ಸಮಸ್ಯೆಗೆ ಕೀಲಿಯಾಯಿತು.

ಈ ನಡುವೆ ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿದ್ದ ಎಬರ್‌ಹಾರ್ಡ್ ಕಿರ್ಷ್‌ಬರ್ಗ್ (1946–2022) ಓ-2ರ ಬಗ್ಗೆ ಎಲ್ಲರನ್ನೂ ಬೆರಗುಗೊಳಿಸುವ ಒಂದು ವಿಷಯ ಕಂಡುಕೊಂಡಿದ್ದರು. ತಾಂತ್ರಿಕವಾಗಿ ಹದ್ದುಬಸ್ತಿನಲ್ಲಿರುವ ಆಲ್ಜೀಬ್ರಾಗಳ ಒಂದು ಬಹು ದೊಡ್ಡ ವರ್ಗವಿದೆ. ಅದರಲ್ಲಿರುವ ಪ್ರತಿಯೊಂದನ್ನೂ ಓ-2ರ ಒಳಗೆ ಕೂರಿಸಬಹುದು! ಎಣಿಕೆಯಲ್ಲಿ ಸೊನ್ನೆ ಎನಿಸಿಕೊಂಡ ಓ-2ರ ಹೊಟ್ಟೆಯಲ್ಲಿ ಅಷ್ಟೊಂದು ಜಾಗವಿತ್ತು. ಎನ್. ಕ್ರಿಸ್ಟೋಫರ್ ಫಿಲಿಪ್ಸ್ ಜೊತೆ ಅವರು ಬರೆದ ಇದರ ಪೂರ್ಣ ಸಾಧನೆ 2000ದಲ್ಲಿ ಪ್ರಕಟವಾಯಿತು.

ಇದರಿಂದ ಉಪಯೋಗ?

"ಕುಂಟ್ಸ್ ಲೆಕ್ಕದಿಂದಲೇ ನಿಮ್ಮ ಫೋನ್ ನಡೆಯುತ್ತದೆ" ಎಂದು ಬರೆದರೆ ಶೇರ್ ಜಾಸ್ತಿ ಸಿಗಬಹುದು, ಆದರೆ ಅದು ಸುಳ್ಳು. ನಿಜ ಇಷ್ಟು.

ಚಿತ್ರ ಅಥವಾ ಧ್ವನಿಯನ್ನು ಒರಟು ಭಾಗ, ನವಿರು ಭಾಗ ಎಂದು ಎರಡಾಗಿ ಒಡೆದು, ಬೇಕಾದಾಗ ಏನೂ ಕಳೆಯದಂತೆ ಮತ್ತೆ ಜೋಡಿಸುವ ತಂತ್ರವಿದೆ. ಅದನ್ನು ವೇವ್‌ಲೆಟ್ ಎನ್ನುತ್ತಾರೆ. ಸಿನಿಮಾ ಮಂದಿರಗಳಿಗೆ ಹೋಗುವ ಡಿಜಿಟಲ್ ಚಿತ್ರಗಳಲ್ಲಿ ಬಳಸುವ ಜೆಪೆಗ್ 2000 ವಿಧಾನದ ಹಿಂದೆ ಇರುವುದು ವೇವ್‌ಲೆಟ್‌ಗಳೇ. ಇವನ್ನು ಕಂಡುಹಿಡಿದವರು ಕುಂಟ್ಸ್ ಅಲ್ಲ. ಆದರೆ ಒಡೆದು ಜೋಡಿಸುವಾಗ ಪಾಲಿಸಬೇಕಾದ ಮೂಲ ನಿಯಮಗಳಿಗೂ ಕುಂಟ್ಸ್ ಅವರ ಎರಡು ನಿಯಮಗಳಿಗೂ ಆಳವಾದ ನಂಟಿದೆ. 1990ರ ದಶಕದಲ್ಲಿ ಓಲಾ ಬ್ರಾಟೆಲಿ ಮತ್ತು ಪಾಲೆ ಯೋರ್ಗೆನ್ಸನ್ ಎಂಬ ಗಣಿತಜ್ಞರು ಈ ನಂಟನ್ನು ವಿವರವಾಗಿ ಬರೆದರು. ಒಡೆದು ಮತ್ತೆ ಜೋಡಿಸಿದರೆ ಪೂರ್ಣ ಬರಬೇಕು, ನಡುವೆ ಏನೂ ಕಳೆಯಬಾರದು: ಹೋಟೆಲ್‌ನಲ್ಲೂ ಇದೇ ಮಾತು, ಚಿತ್ರದಲ್ಲೂ ಇದೇ.

ಸಾವಿರಕ್ಕೆ ಎರಡು ಸಾವಿರ: ಅನಂತದ ಹೆಸರಿನಲ್ಲಿ ಮೋಸ

ಈಗ ನಮ್ಮ ಜೇಬಿಗೆ ಸಂಬಂಧಿಸಿದ ಮಾತು. ಇಂಥ ಫಾರ್ವರ್ಡ್ ನೋಡಿರುತ್ತೀರಿ: "ನಿಮ್ಮನ್ನು ಸೇರಿಸಿದವರಿಗೆ 1000 ರೂಪಾಯಿ ಕೊಡಿ. ನೀವು ಇಬ್ಬರನ್ನು ಸೇರಿಸಿ, ಅವರಿಂದ ತಲಾ 1000 ಪಡೆಯಿರಿ. ಒಂದು ಸಾವಿರ ಕೊಟ್ಟು ಎರಡು ಸಾವಿರ ಗಳಿಸಿ!"

ಇದನ್ನು ಹೋಟೆಲ್ ಲೆಕ್ಕದ ಪಕ್ಕದಲ್ಲಿ ಇಡಿ. 1ನೇ ಸದಸ್ಯ 2 ಮತ್ತು 3ನೇ ಸದಸ್ಯರನ್ನು ಸೇರಿಸುತ್ತಾನೆ. 2ನೇ ಸದಸ್ಯ 4 ಮತ್ತು 5ನ್ನು, 3ನೇ ಸದಸ್ಯ 6 ಮತ್ತು 7ನ್ನು. ಒಂದು ಎರಡಾಗುವ ಅದೇ ಆಟ. ಜನರಿಗೆ ಕೊನೆಯೇ ಇಲ್ಲದಿದ್ದರೆ ಇದು ಸುಳ್ಳಲ್ಲ. ಪ್ರತಿಯೊಬ್ಬರೂ ಸಾವಿರ ಕೊಟ್ಟು ಎರಡು ಸಾವಿರ ಪಡೆಯುತ್ತಾರೆ, ಯಾರಿಗೂ ನಷ್ಟವಿಲ್ಲ. ಅದಕ್ಕೇ ಇದು ಕೇಳಲು ಅಷ್ಟು ಸರಿ ಎನಿಸುವುದು.

ಆದರೆ ಜನರಿಗೆ ಕೊನೆ ಇದೆ. ಹತ್ತು ಸಾಲು ಸೇರಿದ ಮೇಲೆ ಸರಪಳಿ ನಿಂತಿತು ಎನ್ನೋಣ. ಒಟ್ಟು ಸದಸ್ಯರು 1023. ಕೊನೆಯ ಸಾಲಿನಲ್ಲೇ 512 ಜನ. ಅವರು ಸಾವಿರ ಕೊಟ್ಟರು, ಅವರ ಕೆಳಗೆ ಯಾರೂ ಇಲ್ಲ. ಅವರ ಒಟ್ಟು ನಷ್ಟ 5,12,000 ರೂಪಾಯಿ. ನಡುವಿನ 510 ಜನರಿಗೆ ತಲಾ ಸಾವಿರ ಲಾಭ, ಅಂದರೆ 5,10,000. ಯಾರಿಗೂ ಏನೂ ಕೊಡದ ಮೊದಲನೆಯವನಿಗೆ 2000. ಕೂಡಿಸಿ ನೋಡಿ: ಮೇಲಿನವರ ಲಾಭ ಅಂದರೆ ಕೆಳಗಿನವರ ನಷ್ಟ, ಒಂದು ರೂಪಾಯಿ ಆಚೀಚೆ ಇಲ್ಲ.

ಸರಪಳಿ ಎಷ್ಟೇ ಉದ್ದವಾಗಲಿ, ಹೀಗೆ ತುಂಬುತ್ತಾ ಹೋದರೆ ಕೊನೆಯ ಸಾಲಿನಲ್ಲಿ ಯಾವಾಗಲೂ ಅರ್ಧಕ್ಕಿಂತ ಹೆಚ್ಚು ಜನ ಇರುತ್ತಾರೆ. "ಇನ್ನೂ ತುಂಬಾ ಜನ ಇದ್ದಾರೆ ಬಿಡಿ" ಎಂದು ಸಮಾಧಾನ ಹೇಳುವವರಿಗೂ ಉತ್ತರವಿದೆ. 30 ಸಾಲು ತುಂಬಲು 107 ಕೋಟಿಗೂ ಹೆಚ್ಚು ಜನ ಬೇಕು. 31 ಸಾಲಿಗೆ 214 ಕೋಟಿ. ಭಾರತದ ಜನರೆಲ್ಲ, ಹಸುಗೂಸುಗಳೂ ಸೇರಿ, ಸದಸ್ಯರಾದರೂ 31ನೇ ಸಾಲು ತುಂಬುವುದಿಲ್ಲ.

ಹಿಲ್ಬರ್ಟ್ ಹೋಟೆಲ್‌ನಲ್ಲಿ ಕೊನೆಯ ಕೋಣೆ ಎಂಬುದಿಲ್ಲ. ಸರಪಳಿ ಸ್ಕೀಮಿನಲ್ಲಿ ಕೊನೆಯ ಸಾಲು ಇದ್ದೇ ಇದೆ, ಮತ್ತು ಫಾರ್ವರ್ಡ್ ಎಲ್ಲರ ಕೈ ದಾಟಿ ನಿಮ್ಮ ತನಕ ಬಂದಿದೆ ಎಂದರೆ ನೀವು ಆ ಸಾಲಿನ ಹತ್ತಿರ ಇರುವ ಸಾಧ್ಯತೆಯೇ ಹೆಚ್ಚು. ಇಂಥ ಯೋಜನೆಗಳನ್ನು ನಡೆಸುವುದು ನಮ್ಮ ದೇಶದಲ್ಲಿ ಅಪರಾಧ. ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇದೆ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮೊದಲು

"ಸಾಬೀತಾಗಿದೆ" ಎಂಬ ಪದ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಯಾವ ಅರ್ಥದಲ್ಲಿ? ವಾರದ ಲೆಕ್ಕದಲ್ಲಿ 1 = 8, ಸಂಬಳದ ಲೆಕ್ಕದಲ್ಲಿ ಅಲ್ಲ.
2. ಷರತ್ತು ಏನು? ಕುಂಟ್ಸ್ ಲೆಕ್ಕದಲ್ಲಿ "ಕೊನೆ ಇಲ್ಲ" ಎಂಬ ಷರತ್ತು ಮೊದಲೇ ಎಲ್ಲರೆದುರು ಇರುತ್ತದೆ. ಸ್ಕೀಮಿನವರು ಅದನ್ನೇ ಬಾಯಿಬಿಡುವುದಿಲ್ಲ.
3. ಬೆಲೆ ತೆರುವವರು ಯಾರು? ಓ-2ರಲ್ಲಿ ಎಣಿಕೆ ಹೋಯಿತು, ಸರಪಳಿಯಲ್ಲಿ ಕೊನೆಯ ಸಾಲಿನವರ ದುಡ್ಡು ಹೋಯಿತು.

ಹಾಗಾದರೆ 1 = 2 ಎಂದು ಸಾಬೀತಾಗಿದೆಯೇ? ಮಾಮೂಲಿ ಸಂಖ್ಯೆಗಳಲ್ಲಿ ಇಲ್ಲ, ಫಾರ್ವರ್ಡ್ ಲೆಕ್ಕ ತಪ್ಪು. ಕೊನೆಯಿಲ್ಲದ ಕೋಣೆಗಳ ಜಗತ್ತಿನಲ್ಲಿ, ಏನನ್ನು ಸಮ ಎನ್ನುತ್ತೇವೆ ಎಂದು ಮೊದಲೇ ಹೇಳಿಕೊಂಡರೆ, ಹೌದು. ನಿಮ್ಮ ಗ್ರೂಪಿಗೆ ಆ ಲೆಕ್ಕ ಮತ್ತೆ ಬಂದರೆ ಐದನೇ ಸಾಲು ತೋರಿಸಿ. ಸಾವಿರಕ್ಕೆ ಎರಡು ಸಾವಿರದ ಸ್ಕೀಮು ಬಂದರೆ ಕೊನೆಯ ಸಾಲು ತೋರಿಸಿ.